ಡೀಸೆಲ್ಲಿನ ಲೆಕ್ಕ

ತದಡಿ ಬಂದರಿನ ಮುಚ್ಚಿದ ಐಸ್ ಫ್ಯಾಕ್ಟರಿಯಲ್ಲಿ
ಮೂರು ವರ್ಷದಿಂದ ಸಿನಿಮಾ ಹಬ್ಬ.
ಮೊದಲ ಚಿತ್ರ ಮಾಡಿದವರದ್ದಷ್ಟೇ ತೋರಿಸುತ್ತಾರೆ,
ಎರಡನೆಯದು ಮಾಡಿದವರು ಕುರ್ಚಿ ಹಾಕಲು ಬರಬಹುದು.
ಜನರೇಟರು ನನ್ನದು.

ಮೊದಲ ವರ್ಷ ಬಾಗಿಲ ಬಳಿಯೇ ಇಟ್ಟಿದ್ದೆ.
ಪರದೆಯ ಮೇಲೆ ಯಾರದೋ ಅಜ್ಜಿ ಸಾಯುತ್ತಿದ್ದರೆ
ಹೊರಗೆ ಇದು ಗುಡುಗುಡು, ಮದುವೆ ಮನೆಯ ಹಾಗೆ.
ಮರುವರ್ಷ ವಯರು ಎಳೆದು
ಬಲೆ ಒಣಗಿಸುವ ಕಟ್ಟೆಗೆ ಒಯ್ದೆ.
ಈ ಸಲ ಜೆಟ್ಟಿಯ ತುದಿಗೆ, ನೂರಿಪ್ಪತ್ತು ಮೀಟರು.
ಅವರ ಮೌನ ದೊಡ್ಡದಾದ ಹಾಗೆಲ್ಲ
ನಾನು ದೂರ ಹೋಗುತ್ತಿದ್ದೇನೆ.
ಒಂದು ಚಿತ್ರವನ್ನೂ ಸಮ ನೋಡಿಲ್ಲ.

ಆದರೂ ಮಕ್ಕಳು ಗೊತ್ತು.
ಜೋಯಿಡಾದ ವಿಠೋಬ ವೇಳಿಪ,
ಗಡ್ಡೆ ಅಗೆಯುವ ಅಪ್ಪನ ಕೈಗಳನ್ನೇ ಇಪ್ಪತ್ತು ನಿಮಿಷ ತೋರಿಸಿದವನು;
ಮುಖ ಯಾಕಿಲ್ಲ ಎಂದರೆ, "ಅಪ್ಪ ಬೇಡ ಅಂದ."
ಭಟ್ಕಳದ ಅಫ್ರೀನ್,
ಅಣ್ಣನ ಮದುವೆಗೆ ಬಾಡಿಗೆಗೆ ತಂದ ಕ್ಯಾಮರಾ ಇನ್ನೂ ತಿರುಗಿ ಕೊಡದವಳು.
ಯಲ್ಲಾಪುರದ ಜುಜೆ ಸಿದ್ದಿ ಹಾರ್ಡ್ ಡಿಸ್ಕನ್ನು ಬನಿಯನ್ನಿನಲ್ಲಿ ಸುತ್ತಿ
ಎರಡು ಬಸ್ಸು ಬದಲಿಸಿ ತಂದ.
ಇಲ್ಲಿ ಅದು ತೆರೆಯಲೇ ಇಲ್ಲ.
ಎದ್ದು ನಿಂತು ಇಡೀ ಚಿತ್ರವನ್ನು ಬಾಯಲ್ಲೇ ಹೇಳಿದ,
ಎಲ್ಲಿ ಹತ್ತಿರ, ಎಲ್ಲಿ ದೂರ, ಎಲ್ಲಿ ನಾಯಿ ಅಡ್ಡ ಬಂತು.
ಆ ಹೊತ್ತು ಜನರೇಟರಿಗೆ ಕೆಲಸವಿರಲಿಲ್ಲ;
ನಾನು ಪೂರ್ತಿ ಕಂಡ ಸಿನಿಮಾ ಅದೊಂದೇ.

ಕೊನೆಯ ರಾತ್ರಿ ಶೇವಂತಿ ಹರಿಕಂತ್ರಳದು.
ಅವಳ ಅವ್ವಿ ಸೋಮಿ ಅಘನಾಶಿನಿಯಲ್ಲಿ ಬೆಳಚು ತೆಗೆಯುವವಳು.
ಚಿತ್ರದಲ್ಲೂ ಅದೇ:
ಇಳಿತದ ನೀರು, ಸೊಂಟಕ್ಕೆ ಕಟ್ಟಿದ ಪಾತ್ರೆ ತೇಲುತ್ತದೆ,
ಅವ್ವಿ ಉಸಿರು ಹಿಡಿದು ಮುಳುಗುತ್ತಾಳೆ.
ಪಾತ್ರೆ. ಬರಿಯ ನೀರು. ಪಾತ್ರೆ.
ಸದ್ದೇ ಇಲ್ಲ ಅಲ್ಲಿ. ಬೆಳಿಗ್ಗೆಯೇ ಬಂದು ಹೇಳಿದ್ದಳು,
"ಅದೊಂದು ನಿಮಿಷ, ಬೀರಣ್ಣ, ಹೇಗಾದರೂ."
ಹೇಗಾದರೂ ಅಂದರೆ ಹೇಗೆ?
ಖಾಲಿ ಮೀನುಪೆಟ್ಟಿಗೆಗಳನ್ನು ಯಂತ್ರದ ಸುತ್ತ ಗೋಡೆ ಕಟ್ಟಿ ಕೂತೆ.
ಮೌನದ ಚಿಂತೆಯಲ್ಲಿ
ಟ್ಯಾಂಕು ನೋಡುವುದು ಮರೆತೆ.

ಎರಡು ಸಲ ಕೆಮ್ಮಿ ನಿಂತಿತು.
ಡೀಸೆಲ್ ಕ್ಯಾನು ಇದ್ದದ್ದು ಫ್ಯಾಕ್ಟರಿಯ ಮೂಲೆಯಲ್ಲಿ.
ಓಡಿದೆ.
ಒಳಗೆ ನೂರೈವತ್ತು ಜನ, ಯಾರೂ ಸಿಳ್ಳೆ ಹಾಕಲಿಲ್ಲ,
ಒಬ್ಬರೂ ಮೊಬೈಲು ಹಚ್ಚಲಿಲ್ಲ.
ಗೋಡೆಯಿಂದ ಹಳೆಯ ಅಮೋನಿಯಾ ವಾಸನೆ,
ಹೊರಗೆ ಭರತಿ ಏರುವುದು ಕೇಳುತ್ತಿತ್ತು.
"ಬಂದ್ಲಾ?" ಎಂದಿತು ಯಾವುದೋ ಮಗು.
ಆಗ ಮೂರನೇ ಸಾಲಿನಿಂದ, ಮೀನುಪೇಟೆಯ ದನಿಯಲ್ಲೇ, ಸೋಮಿ:
"ಬಂದೆ ಮಾರಾಯ್ರೆ, ಬಂದೆ. ಹೆದರ್ಬೇಡಿ.
ಆ ದಿನ ಅರ್ಧ ಪಾತ್ರೆ ಸೈತ ಸಿಕ್ಕಿರ್ಲಿಲ್ಲ."

ನಗು. ಆಮೇಲೆ ನಗು ಅಲ್ಲದ್ದು ಏನೋ.
ನಾನು ಮತ್ತೆ ಹಚ್ಚುವಷ್ಟರಲ್ಲಿ
ಜನ ಎದ್ದು ಅವಳ ಸುತ್ತ ನಿಂತಿದ್ದರು.
ಉಳಿದ ನಾಲ್ಕು ನಿಮಿಷ ಯಾರೂ ಕೇಳಲಿಲ್ಲ,
ಶೇವಂತಿಯೂ.

ಬೆಂಗಳೂರಿನ ತೀರ್ಪುಗಾರರು ಬಹುಮಾನ ಕೊಡುತ್ತ,
"ಮುಳುಗಿದ ತಾಯಿ, ಆಮೇಲೆ ಕತ್ತಲು.
ಮೊದಲ ಚಿತ್ರದಲ್ಲೇ ಎಂಥ ಧೈರ್ಯದ ಮುಕ್ತಾಯ!" ಅಂದರು.
ಶೇವಂತಿ ನನ್ನ ಕಡೆ ನೋಡಿದಳು.
ನಾನು ಕ್ಯಾನಿನ ಮುಚ್ಚಳ ನೋಡಿದೆ.
"ಇನ್ನೂ ಇತ್ತು ಸರ್," ಎಂದಳು ಮೈಕಿನಲ್ಲಿ,
"ಅವ್ವಿ ಮೇಲೆ ಬರ್ತಾಳೆ, ಶೀತ ಆಯ್ತು, ಕ್ಯಾಮರಾ ಇಟ್ಟು
ಪಾತ್ರೆ ಹಿಡಿ ಅಂತ ಬೈತಾಳೆ. ನಾನು ಇಡ್ತೇನೆ. ಅಷ್ಟೇ."
ಹೌದಾ, ಅಂದರು ಅವರು.
ಬಹುಮಾನ ವಾಪಸು ಕೇಳಲಿಲ್ಲ.

ಬಿಲ್ಲು ಬರೆದೆ. ವಯರಿನ ಬಾಡಿಗೆ, ಮೂರು ರಾತ್ರಿ.
ಡೀಸೆಲ್, ಇಪ್ಪತ್ತೆರಡು ಲೀಟರು.
ಆರು ನಿಮಿಷದ ಕತ್ತಲಿಗೆ ಕೂಡುವುದೋ ಕಳೆಯುವುದೋ
ತಿಳಿಯದೆ ಒಂದು ಸಾಲು ಖಾಲಿ ಬಿಟ್ಟೆ.

ಮುಂದಿನ ವರ್ಷ ಶೇವಂತಿ ಕುರ್ಚಿ ಹಾಕಲು ಬರುತ್ತಾಳಂತೆ.
ಜೆಟ್ಟಿಯ ಆಚೆ ನೀರು.
ಇನ್ನೂ ದೂರ ಹೋಗು ಎಂದರೆ
ದೋಣಿ ನೋಡಬೇಕು.