ಮೂಲೆ

ಉಲಾನ್‌ಬಾತರ್‌ನ ಗುಡ್ಡದಂಚಿಗೆ
ನಾಲ್ಕು ಜಾಲರಿಯ ದುಂಡು ಗುಡಾರ ನಮ್ಮದು.
ಮಂಚ ಎರಡು, ನಡುವೆ ಒಲೆ,
ತೆಂಕಣ ಬಾಗಿಲಿಗೆ ಒರಗಿದ ನೀರಿನ ಕ್ಯಾನು.
ಮೂರನೆಯದು ಹೊಟ್ಟೆಯೊಳಗೆ ಒದೆಯುತ್ತಿದೆ,
‘ಸ್ವಲ್ಪ ಸರಿಯಿರಿ’ ಅನ್ನುವ ಹಾಗೆ.

ಐದನೆಯ ಜಾಲರಿ ಸೇರಿಸೋಣ, ಅನ್ನುತ್ತಾನೆ ಬದ್ರಾಖ್.
ತಮ್ಮ ವಿಲೋ ಗಳು ತರುತ್ತಾನಂತೆ.
ನೆತ್ತಿಯ ಬಳೆ ಕೊಂಚ ದೊಡ್ಡದು ಬೇಕಾದೀತು, ಅಷ್ಟೇ.
ಬಸುರಿಯ ಅಂಗಿಗೆ ಹೊಲಿಗೆ ಬಿಚ್ಚಿದಂತೆ
ಸಂಜೆಯೊಳಗೆ ಮನೆ ಸಡಿಲ.

ನಿನ್ನೆ ನೋಡಿಬಂದದ್ದು ಒಂಬತ್ತನೇ ಮಹಡಿ.
ನಲ್ಲಿ ತಿರುವಿದರೆ ಬಿಸಿನೀರು,
ಕಲ್ಲಿದ್ದಲ ಹೊಗೆ ಕಿಟಕಿಯ ಕೆಳಗೇ ನಿಲ್ಲುತ್ತದೆ.
ಇಪ್ಪತ್ತು ವರ್ಷದ ಸಾಲ.
ಓಡಿಹೋದ ತುಗುಲ್ದುರ್ ಥಟ್ಟನೆ ನಿಂತ:
“ಅಮ್ಮಾ, ಇಲ್ಲಿ ಗೋಡೆಗೆ ಗೋಡೆ ಢಿಕ್ಕಿ ಹೊಡೆದಿದೆ!”

ಅತ್ತೆ ನಕ್ಕರು,
“ದುಂಡು ಮನೆಯಲ್ಲಿ ಯಾರೂ ಮೂಲೆಗುಂಪಾಗುವುದಿಲ್ಲ ಕಣೋ.”

ನಿಜ.
ಒಬ್ಬರು ಮಗ್ಗುಲು ಬದಲಿಸಿದರೆ ಎಲ್ಲರಿಗೂ ಎಚ್ಚರ.
ಬಿಕ್ಕಿದರೆ ಒಲೆಗೂ ಕೇಳಿಸುತ್ತದೆ.

ಬದ್ರಾಖ್ ಟೇಪು ಹಿಡಿದು
ಗುಡಾರ ಸುತ್ತುತ್ತಿದ್ದಾನೆ, ಮಗ ಅವನ ಹಿಂದೆ.

ಅವರೆಲ್ಲ ಲಿಫ್ಟಿನ ಬಳಿ ಕಾಯುವಾಗ
ಆ ಖಾಲಿ ಕೋಣೆಯ ಮೂಲೆಗೆ
ನಾನು ಬೆನ್ನೊತ್ತಿ ನಿಂತದ್ದು
ಯಾರಿಗೂ ಹೇಳಿಲ್ಲ.
ಒಂದೊಂದು ಭುಜಕ್ಕೆ ಒಂದೊಂದು ಗೋಡೆ.