ಎರಡು ನಿಮಿಷದ ಊರುಗಳು

ಮೂವತ್ತೊಂದು ವರ್ಷ ಇವರು
ಈ ಕರಾವಳಿಯನ್ನು ಗಾಜಿನಾಚೆ ಓಡಿಸಿದವರು.
ತಲಪಾಡಿ ದಾಟಿದರೆ ಮಂಜೇಶ್ವರ, ಉಪ್ಪಳ, ಕುಂಬಳೆ;
ಊರೆಂದರೆ ಎರಡು ನಿಮಿಷ,
ಹೊಳೆಯೆಂದರೆ ಒಂದು ಸೇತುವೆ, ಎದುರಿಗೆ ಲಾರಿ.
ಸಮುದ್ರ? ಹೋಗುವಾಗ ಬಲಗಡೆ ಇತ್ತಂತೆ,
ಬರುವಾಗ ಎಡಗಡೆ.

ರಿಟೈರಾದ ಮೊದಲ ತಿಂಗಳು ನಾನೇ ಹೇಳಿದೆ:
ನಾಳೆ ರೈಲಿನಲ್ಲಿ ಹೋಗುವ,
ಎಲ್ಲ ಕಡೆ ನಿಲ್ಲುವ ರೈಲಿನಲ್ಲಿ.
ಎಂತಕ್ಕೆ ಅಂದರು.
ತಿನ್ನಲಿಕ್ಕೆ ಅಂದೆ.

ಉಪ್ಪಳದಲ್ಲಿ ಹತ್ತುವಾಗ ಬಾಗಿಲಲ್ಲಿ ಗಿರಿಜಕ್ಕ,
ಕಾಲ ಬುಡದಲ್ಲಿ ಬುಟ್ಟಿ ತುಂಬ ಬೂತಾಯಿ.
"ಕಾಸರಗೋಡಿನಲ್ಲಿ ಇಳಿದರೆ ಇದಕ್ಕೆ ಮತ್ತಿ ಅಂತ ಹೆಸರು.
ಚೌಕಾಸಿ ಮಾತ್ರ ಎರಡೂ ಕಡೆ ಒಂದೇ, ಮಾರಾಯ್ತಿ."

ಕುಂಬಳೆಯಲ್ಲಿ ಗೋಳಿಬಜೆ,
ಒಡೆದರೆ ಹಬೆ, ಹಸಿಮೆಣಸಿನ ಚಟ್ನಿ.
ನಾಲ್ಕನೆಯದಕ್ಕೆ ಕೈ ಹಾಕಿದವರು ಗಡಿಯಾರ ನೋಡಿದರು.
ನೋಡಿ, ನಾಚಿ,
ಬಿಚ್ಚಿ ನನ್ನ ಚೀಲಕ್ಕೆ ಹಾಕಿದರು,
ಆಗಷ್ಟೇ ಕೊಂಡ ಓಲೆಬೆಲ್ಲದ ಕಟ್ಟಿನ ಪಕ್ಕ.

ಮೊಗ್ರಾಲಿನಲ್ಲಿ ಮೊಯ್ದುವಿನ ಚಾದಂಗಡಿ.
ಹೊಸ ರಸ್ತೆ ಬಂದು ಬಸ್ಸುಗಳು
ತಲೆಯ ಮೇಲೆ ಹೋಗತೊಡಗಿ ನಾಲ್ಕು ವರ್ಷ.
ಅದಕ್ಕೂ ಮುಂಚೆ ದಿನವೂ ಕಿಟಕಿಗೆ ಗ್ಲಾಸು ಚಾಚುತ್ತಿದ್ದವನಿಗೆ
ಬಾಗಿಲಲ್ಲಿ ನಿಂತ ಇವರ ಗುರುತು ಹತ್ತಲಿಲ್ಲ.
ಇವರು ಬೆಂಚಿನಲ್ಲಿ ಕೂತು, ಬಲಕ್ಕೆ ಬಾಗಿ,
ಕೈ ಹೊರಗೆ ಚಾಚಿ "ಬೇಗ ಬೇಗ" ಅಂದರು.
"ಓ, ಐತಪ್ಪಣ್ಣ!
ನಿಮಗೆ ಕಾಲು ಉಂಟಂತಲೇ ನನಗೆ ಗೊತ್ತಿಲ್ಲ.
ಸೊಂಟದಿಂದ ಕೆಳಗೆ ಬಸ್ಸೇ ಅಂದುಕೊಂಡಿದ್ದೆ!"

ಅರ್ಧ ಕುಡಿದು, ಅರ್ಧ ಚೆಲ್ಲಿ,
ಗೇರು ಹಾಕುತ್ತಿದ್ದ ಚಾ.
ಇವತ್ತು ತಳ ಮುಟ್ಟಿದರು.
ಅಲ್ಲಿ ಸಕ್ಕರೆ ಇತ್ತು,
ಕರಗದೆ, ಒಂದು ಬೆರಳು ದಪ್ಪ.
ಮೊಯ್ದು ಸಕ್ಕರೆಯಲ್ಲಿ ಕೈ ಬಿಗಿ ಅಂತ
ಮನೆಯಲ್ಲಿ ಎಷ್ಟು ವರ್ಷ ಬೈದಿದ್ದರೋ.
ಈಗ ಒಂದು ಚಮಚ ಕೇಳಿದರು.
ಅಷ್ಟೆ.

ಚಂದ್ರಗಿರಿಯನ್ನು ಈ ಸಲ ಕೆಳಗಿನಿಂದ ಕಂಡೆವು,
ಕುಞ್ಞಂಬುವಿನ ದೋಣಿಯಲ್ಲಿ.
ಹುಟ್ಟು ಹಾಕದೆ ಬಿಟ್ಟರೆ ದೋಣಿಗೂ ಅವಸರವಿಲ್ಲ.
ಬಸ್ಸೊಂದು ಸೇತುವೆಯ ಮೇಲೆ ಗುಡುಗಿಕೊಂಡು ಹೋಯಿತು.
"ಹತ್ತು ಇಪ್ಪತ್ತರದ್ದು," ಅಂದರು, ಮುಖ ಎತ್ತದೆ,
"ಆರು ನಿಮಿಷ ಲೇಟು."
ಗಡಿಯಾರವಂತೂ ನನ್ನ ಚೀಲದಲ್ಲೇ ಇತ್ತು.

ಮಧ್ಯಾಹ್ನ ಎಲ್ಲಿ ಉಂಡೆವೋ, ಬೋರ್ಡು ಓದಲು ಬರಲಿಲ್ಲ.
ನನಗೆ ಮಲಯಾಳದ ಅಕ್ಷರಗಳೆಲ್ಲ
ಬಿಸಿ ಎಣ್ಣೆಗೆ ಬಿಟ್ಟ ಜಿಲೇಬಿ.
ಆದರೆ ಬಡಿಸುವವನು ಕನ್ನಡದಲ್ಲಿ ಗದರಿದ,
"ಇಷ್ಟೇ ತಿಂದರೆ ಹೇಗೆ?"
ಕುಚ್ಚಲಕ್ಕಿ ಅನ್ನ, ಮಾವಿನಕಾಯಿ ಹಾಕಿದ ಸಿಗಡಿ ಸಾರು,
ಮೇಲೊಂದು ಸೌಟು, ಬೇಡ ಅಂದ ಮೇಲೂ.

ಬೇಕಲದ ಕೋಟೆ ಹತ್ತಲಿಲ್ಲ, ಹೊಟ್ಟೆ ಭಾರ.
ಅದರ ಬುಡದಲ್ಲಿ, ಕಡಲಿನ ಹತ್ತಿರ,
ರುಕ್ಯಾಬಿ ಕಡುಕ್ಕ ಹುರಿಯುತ್ತಿದ್ದಳು:
ಚಿಪ್ಪಿನೊಳಗೆ ಅಕ್ಕಿ ಹಿಟ್ಟು ತುಂಬಿ, ಬೇಯಿಸಿ,
ಮೆಣಸಿನಲ್ಲಿ ಹೊರಳಿಸಿ, ಎಣ್ಣೆಗೆ ಬಿಟ್ಟದ್ದು.
ನಮ್ಮಲ್ಲಿ ಇದು ಪಚ್ಚಿಲೆ ಅಂದೆ.
"ಬಾಯಿಗೆ ಹಾಕಿ, ಆಮೇಲೆ ಹೆಸರಿಡಿ," ಅಂದಳು.

ಮರಳಿನಲ್ಲಿ ಕಾಲು ಚಾಚಿ ಕೂತೆವು.
ಸಮುದ್ರ ಬಲಗಡೆಯೂ ಅಲ್ಲ, ಎಡಗಡೆಯೂ ಅಲ್ಲ,
ನೇರ ಇವರ ಎದುರಿಗೇ.
ಒಂದೊಂದು ಅಲೆ ಮೇಲೇರಿ ಬರುವಾಗಲೂ
ಇವರ ಬಲಗಾಲು ತನ್ನಷ್ಟಕ್ಕೆ
ಮರಳನ್ನು ಒತ್ತುತ್ತಿತ್ತು, ಬ್ರೇಕು ಒತ್ತಿದ ಹಾಗೆ.
ಕೆಲವು ಅಲೆ ನಿಂತವು.
ಕೆಲವು ನಮ್ಮಿಬ್ಬರನ್ನೂ ಮೊಣಕಾಲ ತನಕ ಒದ್ದೆ ಮಾಡಿದವು.

ವಾಪಸು ರೈಲು ಎಷ್ಟು ಹೊತ್ತಿಗೆ ಅಂತ ಕೇಳಿದೆ.
ಗಡಿಯಾರ ನಿನ್ನ ಹತ್ತಿರ ಅಲ್ಲವಾ ಅಂದರು.
ಚೀಲಕ್ಕೆ ಕೈ ಹಾಕಿದೆ.
ಬೆಲ್ಲ ಸಿಕ್ಕಿತು.