ಶನಿವಾರದ ತೂಕ

ಮಕಾಸ್ಸರಿನ ಓಣಿಯಲ್ಲಿ ಶನಿವಾರ.
ಮಾವಿನ ಕೊಂಬೆಗೆ ತೂಗುಬಿದ್ದ ತಕ್ಕಡಿ.

ದಾಯೆಂಗ್ ಕೆಬೊ ಬರುತ್ತಾಳೆ, ಬೆನ್ನಿಗೆ ಗೋಣಿ:
ನೀರಿನ ಬಾಟಲಿ, ಶಾಂಪೂ ಡಬ್ಬಿ,
ಗಂಡನ ಬಲೆಗೆ ಮೀನಿಗಿಂತ ಮೊದಲು ಬಿದ್ದ
ಒಂಟಿ ಚಪ್ಪಲಿ.

"ಚಪ್ಪಲಿ ನಡೆಯೋದಿಲ್ಲ" ಅನ್ನುತ್ತಾಳೆ
ಲೆಕ್ಕ ಬರೆಯುವ ಹುಡುಗಿ.
"ಕಡಲಲ್ಲಿ ಇಷ್ಟು ದೂರ ನಡೆದು ಬಂದಿದೆಯಲ್ಲ!"
ಸಾಲಿನಲ್ಲಿ ನಗು.

ಮುಚ್ಚಳ ಬೇರೆ, ಬಾಟಲಿ ಬೇರೆ.
ಒಳಗುಳಿದ ಗುಟುಕು ನೀರು ಮಾವಿನ ಬುಡಕ್ಕೆ.
ಎರಡು ಕಿಲೊ, ಮುನ್ನೂರು ಗ್ರಾಂ.
ಪಾಸ್‌ಬುಕ್ಕಿನಲ್ಲಿ ನೀಲಿ ಶಾಯಿ.
ಮೊಮ್ಮಗಳ ಶಾಲೆಯ ಬೂಟಿಗೆ ಇನ್ನೂ ಹನ್ನೊಂದು ಕಿಲೊ.

ಕಾಲುವೆಯ ನೀರು ಈಗಲೂ ಕಪ್ಪೇ.
ಆದರೆ ನಿನ್ನೆ, ಸೇತುವೆಯ ಕೆಳಗೆ,
ಅದು ಹರಿಯುವ ಸದ್ದು
ಅವಳಿಗೆ ಕೇಳಿಸಿತಂತೆ.

ಚಪ್ಪಲಿಯನ್ನು ಮತ್ತೆ ಮನೆಗೇ ಒಯ್ಯುತ್ತಾಳೆ:
ಇನ್ನೊಂದು ಕಾಲಿನದು ಸಿಕ್ಕರೂ ಸಿಗಬಹುದು.